ಕಣ್ಣು ಓಡುತ್ತೆ, ಕಿವಿ ಕೂತಿರುತ್ತೆ!

ಜಮಖಂಡಿಯಿಂದ ಬೀಳಗಿಗೆ ಬಸ್ಸು ಹತ್ತಿ. ಕಿಟಕಿ ಕಡೆ ನೋಡದೆ, ತಲೆ ತಗ್ಗಿಸಿ ಮೊಬೈಲಿನಲ್ಲೇ ಮುಳುಗಿಬಿಡಿ. ಸ್ವಲ್ಪ ಹೊತ್ತಿಗೆ ಅನೇಕರಿಗೆ ಹೊಟ್ಟೆ ತೊಳಸೋಕೆ ಶುರುವಾಗುತ್ತೆ. ಯಾಕೆ? ಒಳಕಿವಿಯಲ್ಲಿರುವ ಸಮತೋಲನದ ಅಂಗ "ನಾವು ಅಲುಗಾಡ್ತಾ ಇದ್ದೀವಿ" ಅಂತ ಮೆದುಳಿಗೆ ವರದಿ ಕಳಿಸುತ್ತೆ. ಕಣ್ಣು ಮಾತ್ರ "ಇಲ್ಲ, ಎದುರಿನ ಪರದೆ ನಿಂತಲ್ಲೇ ನಿಂತಿದೆ" ಅನ್ನುತ್ತೆ. ಎರಡು ವರದಿ ತಾಳೆಯಾಗಲ್ಲ. ಆ ಗೊಂದಲದ ಫಲವೇ ತಲೆಸುತ್ತು, ವಾಂತಿ.

ಈಗ ಇದನ್ನೇ ತಿರುವುಮುರುವು ಮಾಡಿ. ಕಣ್ಣು ಓಡ್ತಾ ಇದೆ, ಕಿವಿ ಕೂತಲ್ಲೇ ಕೂತಿದೆ. ಅದೇ ವರ್ಚುವಲ್ ರಿಯಾಲಿಟಿ, ಅಂದ್ರೆ ವಿಆರ್. ಕಣ್ಣಿಗೆ ಕನ್ನಡಕದಂಥ ಡಬ್ಬಿ ಕಟ್ಟಿಕೊಂಡು ಕುರ್ಚಿ ಮೇಲೆ ಕೂತವನು, ಒಳಗೆ ನೋಡಿದರೆ ಪ್ರಪಾತದ ಅಂಚಿನಲ್ಲಿ ಹಳಿ ಬಂಡಿ ಓಡಿಸ್ತಾ ಇರ್ತಾನೆ! ಮಾಲ್‌ಗಳಲ್ಲಿ, ಜಾತ್ರೆಗಳಲ್ಲಿ ತೊಟ್ಟಿಲಿನ ಪಕ್ಕದಲ್ಲೇ ಈಗ ಇದೂ ಒಂದು ಆಟ. ಕಡಿಮೆ ದುಡ್ಡಿನ ಇನ್ನೊಂದು ದಾರಿಯೂ ಇದೆ. 2014ರಲ್ಲಿ ಗೂಗಲ್ ಕಾರ್ಡ್‌ಬೋರ್ಡ್ ಬಂದ ಮೇಲೆ, ಮೊಬೈಲನ್ನೇ ಒಳಗೆ ಸಿಗಿಸಿ ನೋಡುವ ಡಬ್ಬಿಗಳು ಸಣ್ಣ ಊರಿನ ಹುಡುಗರ ಕೈಗೂ ಬಂದವು.

ಎಂಜಿನಿಯರಿಂಗ್ ಓದಿಬಂದ ನನಗೆ ಈ ತಂತ್ರಜ್ಞಾನದ ಮೇಲೆ ಸಿಟ್ಟಿಲ್ಲ. ಪೈಲಟ್‌ಗಳು, ಶಸ್ತ್ರವೈದ್ಯರು ಇದರಲ್ಲಿ ತರಬೇತಿ ಪಡೀತಾರೆ. ಎತ್ತರದ ಭಯ ಇರುವವರಿಗೆ ಇದರಿಂದ ಚಿಕಿತ್ಸೆ ಕೊಡ್ತಾರೆ. ನಮ್ಮ ರಾಜ್ಯ ಸರಕಾರ 2024-29ಕ್ಕೆ ಎವಿಜಿಸಿ-ಎಕ್ಸ್‌ಆರ್ ನೀತಿಯನ್ನೇ ತಂದಿದೆ. ಉದ್ಯಮ ಬೆಳೆಯಲಿ. ಆದ್ರೆ ಆ ಡಬ್ಬಿಯ ಜೊತೆ ಬರುವ ಎಚ್ಚರಿಕೆಯ ಚೀಟಿ ಇದೆಯಲ್ಲ, ಅದು ಜಾತ್ರೆಯ ಟೆಂಟಿನವರೆಗೆ ತಲುಪಿದೆಯಾ? ನನ್ನ ಪ್ರಶ್ನೆ ಅದು.

ಮೊದಲನೆಯದು ತಲೆಸುತ್ತು. ನೀವು ತಲೆ ತಿರುಗಿಸಿದ ಕೂಡಲೇ ಒಳಗಿನ ದೃಶ್ಯವೂ ತಿರುಗಬೇಕು. ನಡುವಿನ ವಿಳಂಬ ಸುಮಾರು 20 ಮಿಲಿಸೆಕೆಂಡಿನ ಒಳಗಿರಬೇಕು, ಅಂದ್ರೆ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ದುಬಾರಿ ಹೆಡ್‌ಸೆಟ್ ಇದನ್ನ ಬಹುಮಟ್ಟಿಗೆ ಸಾಧಿಸುತ್ತೆ. ಮೊಬೈಲ್ ಸಿಗಿಸುವ ಅಗ್ಗದ ಡಬ್ಬಿಗೆ ಇದು ಕಷ್ಟ. ಅಷ್ಟೇ ಅಲ್ಲ, ನೀವು ತಲೆ ತಿರುಗಿಸಿದ್ದು ಅದಕ್ಕೆ ಗೊತ್ತಾಗುತ್ತೆ, ಮುಂದಕ್ಕೆ ಬಾಗಿದ್ದು ಗೊತ್ತಾಗಲ್ಲ. ದೇಹ ಬಾಗಿತು, ದೃಶ್ಯ ಬಾಗಲಿಲ್ಲ. ಮತ್ತೆ ಅದೇ ಗೊಂದಲ! ಅಗ್ಗದ ಮಾಲಿನಲ್ಲೇ ತೊಂದರೆ ಹೆಚ್ಚು ಅನ್ನೋದು ಇದಕ್ಕೇ.

ಎರಡನೆಯದು ಕಣ್ಣು. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನ ವಿವರಿಸೋದು ಸುಲಭ. ಮಗ್ಗದ ಮೇಲೆ ಎಳೆ ಕಡಿದಾಗ ಬಗ್ಗಿ ನೋಡ್ತೀರಲ್ಲ, ಆಗ ಕಣ್ಣು ಎರಡು ಕೆಲಸ ಒಟ್ಟಿಗೇ ಮಾಡುತ್ತೆ. ಎರಡೂ ಗುಡ್ಡೆಗಳು ಒಳಮುಖವಾಗಿ ತಿರುಗುತ್ತವೆ, ಒಳಗಿನ ಮಸೂರ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುತ್ತೆ. ಹುಟ್ಟಿದಾಗಿನಿಂದ ಇವೆರಡೂ ಜೋಡೆತ್ತು. ವಿಆರ್‌ನಲ್ಲಿ ಜೋಡಿ ಬೇರೆಯಾಗುತ್ತೆ. ಚಿಟ್ಟೆ ಮೂಗಿನ ಹತ್ತಿರ ಬಂದಂತೆ ಕಂಡು ಗುಡ್ಡೆಗಳು ಒಳಗೆ ತಿರುಗುತ್ತವೆ. ಮಸೂರ ಮಾತ್ರ ಒಂದೆರಡು ಮೀಟರ್ ಆಚೆಗಿನ ನಿಗದಿತ ದೂರಕ್ಕೇ ಅಂಟಿಕೊಂಡಿರಬೇಕು. ಕಣ್ಣುನೋವು, ತಲೆನೋವು, ಮಂಜಾಗೋದು ಇಲ್ಲಿಂದ ಶುರು.

ಹಾಗಾದ್ರೆ ಮಕ್ಕಳ ಕಥೆ? ದೊಡ್ಡವರ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ಮಕ್ಕಳದ್ದು ಅದಕ್ಕಿಂತ ಕಡಿಮೆ. ದೊಡ್ಡವರ ಅಳತೆಗೆ ಮಾಡಿದ, ಅರ್ಧ ಕಿಲೋ ತೂಗುವ ಹೆಡ್‌ಸೆಟ್ಟನ್ನ ಆರು ವರ್ಷದ ಮಗುವಿನ ಎಳೆ ಕುತ್ತಿಗೆಗೆ ಹೊರಿಸ್ತೀವಿ. ಸೋನಿ ತನ್ನ ಹೆಡ್‌ಸೆಟ್ಟು 12 ವರ್ಷದೊಳಗಿನವರಿಗೆ ಬೇಡ ಅನ್ನುತ್ತೆ. ಮೆಟಾ ಕಂಪನಿಯ ಮಿತಿ 13 ಇತ್ತು. 2023ರಲ್ಲಿ ಅದನ್ನ 10ಕ್ಕೆ ಇಳಿಸಿದರು, ಅದೂ ಅಪ್ಪ-ಅವ್ವನ ನಿಗಾ ಇದ್ದರೆ ಮಾತ್ರ. ತಯಾರಿಸಿದವರೇ ಬೇಡ ಅಂದದ್ದನ್ನ ನಾವು ದುಡ್ಡು ಕೊಟ್ಟು ಕಟ್ಟಿಸ್ತಾ ಇದ್ದೀವಿ!

ಮೂರನೆಯದು ಫಿಟ್ಸ್. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನ್ ಬರ್ತಾ ಇತ್ತು. ಕೆಂಪು-ನೀಲಿ ಬೆಳಕು ಪಟಪಟನೆ ಮಿನುಗಿತು. 600ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಬಹುತೇಕರು ಮಕ್ಕಳು. ಅದು ದೂರದಲ್ಲಿದ್ದ ಟಿವಿ. ಇದು ಕಣ್ಣಿಗೇ ಕಟ್ಟಿದ ಪರದೆ. ಸುಮಾರು 4000 ಜನರಲ್ಲಿ ಒಬ್ಬರಿಗೆ ಮಿನುಗುವ ಬೆಳಕಿನಿಂದ ತೀವ್ರ ತಲೆಸುತ್ತು, ಫಿಟ್ಸ್ ಬರಬಹುದು ಅಂತ ಓಕ್ಯುಲಸ್ ಹೆಡ್‌ಸೆಟ್ಟಿನ ಎಚ್ಚರಿಕೆ ಪತ್ರದಲ್ಲೇ ಇತ್ತು. "ನಿಮಗೆ ಮೊದಲು ಫಿಟ್ಸ್ ಬಂದಿತ್ತಾ?" ಅಂತ ಟಿಕೆಟ್ ಕೊಡುವಾಗ ಯಾರಾದ್ರೂ ಕೇಳ್ತಾರಾ?

ನಾಲ್ಕನೆಯದು ಸ್ವಚ್ಛತೆ. 2021ರ ಜುಲೈನಲ್ಲಿ ಅಮೆರಿಕದಲ್ಲಿ ಕ್ವೆಸ್ಟ್ 2 ಹೆಡ್‌ಸೆಟ್ಟಿನ ಸುಮಾರು 40 ಲಕ್ಷ ಸ್ಪಂಜಿನ ಪಟ್ಟಿಗಳನ್ನ ಹಿಂದಕ್ಕೆ ಕರೆಸಬೇಕಾಯ್ತು. ಮುಖದ ಚರ್ಮ ಕೆಂಪಾಗಿ ತುರಿಸ್ತಿತ್ತು. ಅದು ಮನೆಯಲ್ಲಿ ಬಳಸುವ ಮಾಲು. ಜಾತ್ರೆಯಲ್ಲಿ ನೂರಾರು ಜನರ ಬೆವರು ಹೀರಿದ ಅದೇ ಸ್ಪಂಜು ನಿಮ್ಮ ಮಗುವಿನ ಕಣ್ಣಿಗೆ ಬರುತ್ತೆ. ಕಣ್ಣುಬೇನೆಗೆ ಇದಕ್ಕಿಂತ ಸಲೀಸು ದಾರಿ ಬೇಕಾ?

ಐದನೆಯದು ಕಣ್ಣಿಗೆ ಕಾಣದ್ದು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ 50 ಸಾವಿರಕ್ಕೂ ಹೆಚ್ಚು ವಿಆರ್ ಆಟಗಾರರ ಮಾಹಿತಿ ಪರಿಶೀಲಿಸಿದರು. ಬರೀ ತಲೆ, ಕೈ ಆಡಿಸುವ ರೀತಿಯಿಂದ, 100 ಸೆಕೆಂಡಿನ ದಾಖಲೆಯಲ್ಲೇ, 94% ನಿಖರತೆಯಿಂದ ಇವರು ಇಂಥವರೇ ಅಂತ ಗುರುತಿಸಿದರು. ಬೆರಳಚ್ಚಿನ ಹಾಗೆ ಕೈಯಾಡಿಸುವ ಶೈಲಿಯೂ ಗುರುತಿನ ಚೀಟಿ!

ಎಲ್ಲಕ್ಕಿಂತ ನನ್ನ ಆತಂಕ ಇರೋದು ಆಟ ಮುಗಿದ ಮೇಲಿನ ಅರ್ಧ ಗಂಟೆಯ ಬಗ್ಗೆ. ಡಬ್ಬಿ ಬಿಚ್ಚಿದ ತಕ್ಷಣ ಮೆದುಳು ಹಳೆಯ ಲೆಕ್ಕಕ್ಕೆ ಮರಳಲ್ಲ. ದೂರದ ಅಂದಾಜು, ಕಾಲಿನ ಹಿಡಿತ ಕೆಲ ಹೊತ್ತು ತಪ್ಪಬಹುದು. ಪೂರ್ತಿ ಸರಿಹೋಗುವ ತನಕ ಗಾಡಿ ಓಡಿಸಬೇಡಿ, ಯಂತ್ರ ಮುಟ್ಟಬೇಡಿ ಅಂತ ಕಂಪನಿಗಳೇ ಬರೆದಿವೆ. ಈಗ ಯೋಚಿಸಿ. ರಾತ್ರಿ ಹತ್ತು ಗಂಟೆ, ಕಬ್ಬಿನ ಹಂಗಾಮು, ಮುಧೋಳದ ರಸ್ತೆ. ಹಿಂದೆ ದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೊರಟ ಟ್ರ್ಯಾಕ್ಟರ್. ಹಿಂದಿನಿಂದ ಈಗಷ್ಟೇ ವಿಆರ್ ಆಡಿ ಬೈಕ್ ಹತ್ತಿದ ಹುಡುಗ. ಬನಹಟ್ಟಿಯಲ್ಲಾದ್ರೆ ಅದೇ ಹುಡುಗ ನೇರ ಪವರ್‌ಲೂಮಿನ ಮುಂದೆ ನಿಲ್ತಾನೆ. ಅಂದಾಜು ಒಂದು ಗೇಣು ತಪ್ಪಿದರೂ ಸಾಕು.

ಹಾಗಂತ ನಿಷೇಧಿಸಿ ಅಂತಿಲ್ಲ. ಫಿಟ್ಸ್ ಬಂದಿದ್ದವರು, ಸಣ್ಣ ಮಕ್ಕಳು ದೂರ ಇರಲಿ. ಉಳಿದವರು ಕೂತೇ ಆಡಿ. ಅರ್ಧ ಗಂಟೆಗೊಮ್ಮೆ 10-15 ನಿಮಿಷ ಬಿಡುವು ಕೊಡಿ. ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, "ಸ್ವಲ್ಪ ತಡಿ, ರೂಢಿ ಆಗುತ್ತೆ" ಅನ್ನಬೇಡಿ. ಸ್ಪಂಜು ಒರೆಸಿಕೊಡು ಅಂತ ಕೇಳಿ, ಅದು ನಿಮ್ಮ ಹಕ್ಕು. ಆಡಿದ ಮೇಲೆ ಒಂದು ಚಹಾ ಕುಡಿದು, ನಾಲ್ಕು ಹೆಜ್ಜೆ ನಡೆದು, ಆಮೇಲೆ ಬೈಕಿನ ಕೀಲಿ ಹಾಕಿ.

ಜಾತ್ರಾ ಕಮಿಟಿಯ ಹಿರಿಯರಿಗೆ, ನಗರಸಭೆ, ಪಟ್ಟಣ ಪಂಚಾಯಿತಿಯವರಿಗೆ ಒಂದು ಮಾತು. ತೊಟ್ಟಿಲು ನಿಲ್ಲಿಸುವಾಗ ನಟ್ಟು-ಬೋಲ್ಟು ಬಿಗಿಯಾಗಿದೆಯಾ ಅಂತ ಕೇಳ್ತೀವಿ. ವಿಆರ್ ಟೆಂಟಿಗೆ ಜಾಗ ಕೊಡುವಾಗಲೂ ವಯಸ್ಸಿನ ಮಿತಿ, ಫಿಟ್ಸಿನ ಎಚ್ಚರಿಕೆ ಇರುವ ಒಂದು ಬೋರ್ಡನ್ನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿಸಿ. ಖರ್ಚು ಹೆಚ್ಚೇನಿಲ್ಲ, ಒಂದು ಫ್ಲೆಕ್ಸಿನಷ್ಟು.