ನಿಮಗಿದು ಗೊತ್ತೇ? ನೌಕರಿ ಹೋದೀತೆಂಬ ಭಯವೂ ಮಹಾ ಕಾದಂಬರಿ!

ಹರ್ತಿಯ ಓದುಗರೇ, ಮೊದಲ ಬೆರಗು ನಿಮ್ಮ ಪಕ್ಕದ್ದೇ! ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಹೆಸರು ಕೇಳಿದ್ದೀರಲ್ಲ? 1933ರಲ್ಲಿ ಅದನ್ನು ಕಟ್ಟಿದ ಜಿ.ಬಿ. ಜೋಶಿ ಹುಟ್ಟಿದ್ದು ಗದಗ ತಾಲ್ಲೂಕಿನ ಹೊಂಬಳದಲ್ಲಿ. ಧಾರವಾಡದ ಸುಭಾಸ ರಸ್ತೆಯ ಅವರ ಕಚೇರಿಗೆ ಎಲ್ಲರೂ ಅಕ್ಕರೆಯಿಂದ 'ಅಟ್ಟ' ಎನ್ನುತ್ತಿದ್ದರು. ಕನ್ನಡದ ನವ್ಯ ಸಾಹಿತ್ಯದ ದೊಡ್ಡ ದೊಡ್ಡ ಪುಸ್ತಕಗಳು ಆ ಅಟ್ಟದಿಂದಲೇ ಇಳಿದು ಬಂದವು!

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನೇ ನೋಡಿ. ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 1965ರಲ್ಲಿ ಹೊರಬಂದದ್ದು ಧಾರವಾಡದ ಅಟ್ಟದಿಂದ! ಬರೆಯಲು ಕಿಡಿ ಹೊತ್ತಿಸಿದ್ದು ಸ್ವೀಡನ್ನಿನ ಬರ್ಗ್‌ಮನ್ ಅವರ ಸಿನಿಮಾ. ಅದನ್ನು ಅವರು ಸಬ್‌ಟೈಟಲ್ ಇಲ್ಲದೆಯೇ ನೋಡಿದ್ದರು!

ಆ ಕಾದಂಬರಿಯಲ್ಲಿ ಧರ್ಮಸೂಕ್ಷ್ಮದ ಚರ್ಚೆಯ ಜೊತೆಗೇ ಇನ್ನೊಂದು ಸಂಕಟ ಕೂತಿದೆ. ಅದು ಹಸಿವು! ಆಚಾರ ಮುರಿದ ಬ್ರಾಹ್ಮಣನೊಬ್ಬ ಸತ್ತಿದ್ದಾನೆ, ಅವನ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಶಾಸ್ತ್ರವೆಲ್ಲ ಅರೆದು ಕುಡಿದ ಪ್ರಾಣೇಶಾಚಾರ್ಯರಿಗೂ ಉತ್ತರ ಸಿಗುತ್ತಿಲ್ಲ. ಅಷ್ಟರಲ್ಲಿ ಸತ್ತವನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಚಿನ್ನ ಬಿಚ್ಚಿಟ್ಟಳು ನೋಡಿ, ಸಂಸ್ಕಾರ ಮಾಡಲಾರೆವೆಂದವರಿಗೂ ಆಸೆ ಚಿಗುರಿತು! ನನಗಂತೂ ಇಡೀ ಪುಸ್ತಕದಲ್ಲಿ ಅತಿ ನಿಜ ಅನ್ನಿಸುವ ಜಾಗ ಅದೇ.

ಮತ್ತೆ ನಿಮ್ಮ ಪಕ್ಕಕ್ಕೇ ಬರೋಣ. ನವ್ಯದ ಹೆಸರಾಂತ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಎಲ್ಲಿಯವರು? 1928ರಲ್ಲಿ ಹುಟ್ಟಿದ್ದು ಗದಗಿನಲ್ಲೇ! ಕತೆಗಾರ, ವಿಮರ್ಶಕ ಗಿರಡ್ಡಿ ಗೋವಿಂದರಾಜ? ಇದೇ ಜಿಲ್ಲೆಯ ಅಬ್ಬಿಗೇರಿ! 1964ರಲ್ಲಿ ಕವಿಗಳಾದ ಚಂಪಾ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿಯವರ ಜೊತೆ ಸೇರಿ 'ಸಂಕ್ರಮಣ' ಪತ್ರಿಕೆ ಶುರು ಮಾಡಿದವರು ಇವರೇ.

ಈಗ ಮುಂಬಯಿಗೆ ಬನ್ನಿ. ಯಶವಂತ ಚಿತ್ತಾಲರ 'ಶಿಕಾರಿ' ಕಾದಂಬರಿ ಬಂದದ್ದು 1979ರಲ್ಲಿ. ನಾಯಕ ನಾಗಪ್ಪ ಕಂಪನಿಯೊಂದರ ದೊಡ್ಡ ಅಧಿಕಾರಿ. ಒಂದು ದಿನ ದಿಢೀರನೆ ಅವನ ನೌಕರಿಗೇ ಕುತ್ತು! ತನ್ನ ತಪ್ಪೇನೆಂದು ಅವನಿಗೇ ಗೊತ್ತಿಲ್ಲ. ಯಾರು ಗೆಳೆಯ, ಯಾರು ಬೇಟೆಗಾರ? ಹುಲಿಯಿಲ್ಲ, ಕಾಡಿಲ್ಲ, ಆಫೀಸಿನಲ್ಲೇ ಶಿಕಾರಿ! ಸ್ವತಃ ಚಿತ್ತಾಲರು ಯಾರು ಗೊತ್ತೇ? ಪಾಲಿಮರ್ ತಜ್ಞ! ಹಗಲು ಪ್ಲಾಸ್ಟಿಕ್ ಉದ್ಯಮದ ಕೆಲಸ, ಬರವಣಿಗೆಯಲ್ಲಿ ಮನುಷ್ಯನ ಒಳಗಿನ ಅಂಜಿಕೆ. ಅಷ್ಟು ವರ್ಷ ಮುಂಬಯಿಯಲ್ಲಿದ್ದರೂ ಉತ್ತರ ಕನ್ನಡದ ಹುಟ್ಟೂರು ಹನೇಹಳ್ಳಿ ಅವರ ಕತೆಗಳನ್ನು ಬಿಡಲೇ ಇಲ್ಲ!

ನೌಕರಿಯ ಭಯಕ್ಕೆ ಹಿರಿಯಣ್ಣ ಪ್ರಾಗ್‌ನ ಕಾಫ್ಕಾ. 1915ರ 'ಮೆಟಮಾರ್ಫಸಿಸ್'ನಲ್ಲಿ ಗ್ರೆಗರ್ ಬೆಳಗ್ಗೆ ಏಳುವಾಗ ದೊಡ್ಡ ಹುಳವಾಗಿದ್ದಾನೆ. ಅವನ ಮೊದಲ ಚಿಂತೆಗಳಲ್ಲೊಂದು ಏನು? ಐದು ಗಂಟೆಯ ರೈಲು ತಪ್ಪಿತಲ್ಲ! ಸ್ವಲ್ಪ ಹೊತ್ತಿಗೆ ಆಫೀಸಿನ ಮೇಲಧಿಕಾರಿ ಮನೆಗೇ ಬಂದುಬಿಡುತ್ತಾನೆ! ಇದನ್ನು ಬರೆದ ಕಾಫ್ಕಾ ಎಲ್ಲಿ ದುಡಿಯುತ್ತಿದ್ದ ಹೇಳಿ? ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ!

ದಿನನಿತ್ಯದ ಚಿಂತೆ ನೌಕರಿಯೊಂದೇ ಅಲ್ಲವಲ್ಲ! ಕನ್ನಡದ ಕತೆಗಾರ ಕೆ. ಸದಾಶಿವರು ಬರೆದ ಕತೆಯೊಂದರ ಹೆಸರು 'ನಲ್ಲಿಯಲ್ಲಿ ನೀರು ಬಂತು'. ಹೌದು, ನಲ್ಲಿ ನೀರೂ ಕತೆಯೇ! ಕೊಡ ಹಿಡಿದು ಕಾದವರಿಗೆ ಆ ಹೆಸರಿನ ಬೆಲೆ ಗೊತ್ತು.

ನಮ್ಮ ಕಾಲಕ್ಕೆ ಇನ್ನೂ ಹತ್ತಿರ ಬರೋಣ. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರದು. ಪುಟ್ಟ ಮನೆಯಲ್ಲಿದ್ದಾಗ ಆ ಕುಟುಂಬಕ್ಕೆ ಇರುವೆಗಳ ಮೇಲೆ ಯುದ್ಧ! ಆಮೇಲೆ ಮಸಾಲೆ ವ್ಯಾಪಾರದಿಂದ ಹಣ ಹರಿದು ಬರುತ್ತದೆ. ಭಯ ಓಡಿಹೋಯಿತೇ? ಎಲ್ಲಿ, ಹಣ ತರುವ ಚಿಕ್ಕಪ್ಪ ಮುನಿದರೆ ಗತಿಯೇನು ಎಂಬ ಹೊಸ ಭಯ ಹುಟ್ಟುತ್ತದೆ! ಅಂದಹಾಗೆ, ಈ ಶಾನಭಾಗರು 'ಸಂಸ್ಕಾರ' ಬರೆದ ಅನಂತಮೂರ್ತಿಯವರ ಅಳಿಯ!