ಓದಲು ಹೋದವರ ಕ್ಯಾಮೆರಾ

ಹೊರದೇಶಕ್ಕೆ ಓದಲು ಹೋದ ಮಕ್ಕಳು ಊರಿಗೆ ಕಳುಹಿಸುವ ಚಿತ್ರಗಳಲ್ಲಿ ಗೋಪುರವೋ ಸೇತುವೆಯೋ ದೊಡ್ಡದಾಗಿ, ಅವರ ಮುಖ ಚಿಕ್ಕದಾಗಿ ಕಾಣುತ್ತದೆ. ಅಂಥವನ್ನು ನೋಡಿದಾಗಲೆಲ್ಲ ನನಗೆ ಸೆಬಾಸ್ಟಿಯಾವ್ ಸಾಲ್ಗಾಡೊ ನೆನಪಾಗುತ್ತಾರೆ.

ಬ್ರೆಜಿಲಿನ ಸೈನಿಕ ಆಡಳಿತವನ್ನು ವಿರೋಧಿಸಿದ ಅವರು 1969ರಲ್ಲಿ ಮಡದಿ ಲೇಲಿಯಾ ಅವರೊಡನೆ ಪ್ಯಾರಿಸ್ಸಿಗೆ ಬಂದರು. ಅವರದು ಅರ್ಥಶಾಸ್ತ್ರದ ಸಂಶೋಧನೆ. ಆಕೆಯದು ವಾಸ್ತುಶಿಲ್ಪದ ವ್ಯಾಸಂಗ. ಕಟ್ಟಡಗಳ ಚಿತ್ರ ಬೇಕಾದ್ದರಿಂದ 1970ರಲ್ಲಿ ಲೇಲಿಯಾ ಪೆಂಟಾಕ್ಸ್ ಕ್ಯಾಮೆರಾ ಒಂದನ್ನು ಕೊಂಡರು. ಅದರಲ್ಲಿ ಸಾಲ್ಗಾಡೊ ತೆಗೆದ ಮೊದಲ ಚಿತ್ರ ಕಿಟಕಿಯ ಬಳಿ ಕುಳಿತ ಲೇಲಿಯಾ ಅವರದು.

ಮುಂದೆ ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಉದ್ಯೋಗ ದೊರೆಯಿತು. ಕೆಲಸದ ನಿಮಿತ್ತ ಆಫ್ರಿಕಕ್ಕೆ ಹೋದಾಗ ಆ ಕ್ಯಾಮೆರಾ ಜೊತೆಗಿತ್ತು. ವರದಿ ಬರೆಯುವುದಕ್ಕಿಂತ ಚಿತ್ರ ತೆಗೆಯುವುದರಲ್ಲೇ ಹೆಚ್ಚು ಸಂತೋಷ ಕಂಡು, 1973ರಲ್ಲಿ ನೌಕರಿಯನ್ನು ಬಿಟ್ಟರು. ತಾಯ್ನಾಡಿಗೆ ಮರಳಲು 1979ರವರೆಗೂ ಕಾಯಬೇಕಾಯಿತು. 1986ರಲ್ಲಿ ಅಲ್ಲಿನ ಸೆರ್ರಾ ಪೆಲಾಡ ಚಿನ್ನದ ಗಣಿಯಲ್ಲಿ, ಮಣ್ಣಿನ ಮೂಟೆ ಹೊತ್ತು ಏಣಿ ಏರುವ ಕೂಲಿಗಳ ಚಿತ್ರಗಳನ್ನು ತೆಗೆದು ಜಗತ್ತಿಗೆ ತೋರಿಸಿದರು. ಅರ್ಥಶಾಸ್ತ್ರದಲ್ಲಿ ಅಂಕಿಯಾಗಿದ್ದ ದುಡಿಮೆಗೆ ಅಲ್ಲಿ ಮುಖ ಬಂತು. 2025ರಲ್ಲಿ, ಓದಲು ಬಂದ ಆ ಪ್ಯಾರಿಸ್ಸಿನಲ್ಲೇ ಅವರು ತೀರಿಕೊಂಡರು.

ಓದಲು ಹೊರಟ ಮಕ್ಕಳಿಗೆ ನನ್ನದೊಂದು ಮಾತು: ಗೋಪುರದ ಚಿತ್ರ ಅಂಗಡಿಯಲ್ಲೂ ಸಿಗುತ್ತದೆ. ನಿಮ್ಮ ಕೋಣೆಯ ಕಿಟಕಿಯನ್ನೂ ಜೊತೆಯಲ್ಲಿ ಕುಳಿತು ಉಣ್ಣುವವರ ಮುಖವನ್ನೂ ತೆಗೆದು ಕಳುಹಿಸಿ; ನೀವು ಹೇಗಿದ್ದೀರಿ ಎಂಬುದು ಮನೆಯವರಿಗೆ ತಿಳಿದೀತು.