ಒಡಲಿಗೆ ಹತ್ತಿ, ದಡಿಗೆ ರೇಷ್ಮೆ

ಗದ್ವಾಲ ಸೀರೆಯ ಒಡಲು ಹತ್ತಿಯದು, ದಡಿ ಮತ್ತು ಸೆರಗು ರೇಷ್ಮೆಯದು. ಬೇರೆ ಬೇರೆ ನೇಯ್ದು ಆಮೇಲೆ ಸೂಜಿಯಿಂದ ಕೂಡಿಸಿದ್ದಲ್ಲ. ಮಗ್ಗದ ಮೇಲೆಯೇ ಒಡಲಿನ ಹೊಕ್ಕುನೂಲು ದಡಿಯ ಹೊಕ್ಕುನೂಲಿಗೆ ಕೊಂಡಿ ಹಾಕಿಕೊಳ್ಳುತ್ತ ಸಾಗುತ್ತದೆ. ಒಡಲಿಗೊಂದು, ಎರಡು ಕಡೆಯ ದಡಿಗೆ ಎರಡು, ಹೀಗೆ ಮೂರು ಲಾಳಿ ಓಡಬೇಕು. ನೇಕಾರರು ಇದನ್ನು ಕುಪ್ಪಡಂ ಎನ್ನುತ್ತಾರೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ ಇದು. ಮೈಗೆ ಹತ್ತುವ ಕಡೆ ಬೆವರು ಹೀರುವ ಹತ್ತಿ ಇರಲಿ, ನಾಲ್ಕು ಮಂದಿಯ ಕಣ್ಣಿಗೆ ಬೀಳುವ ಕಡೆ ರೇಷ್ಮೆ, ಜರಿ ಇದ್ದರೆ ಸಾಕು ಎಂಬ ಲೆಕ್ಕ ಈ ಸೀರೆಯಲ್ಲಿದೆ. ಇಡೀ ರೇಷ್ಮೆಯ ಗದ್ವಾಲವೂ ಈಗ ಅಂಗಡಿಗೆ ಬಂದಿದೆ. ಆದರೆ ಊರಿನ ಹೆಸರು ಹೊರಗೆ ಹೋದದ್ದು ಈ ಹತ್ತಿ-ರೇಷ್ಮೆಯ ಕೂಡಿಕೆಯಿಂದಲೇ.

ದುಬಾರಿ ವಸ್ತುವನ್ನು ಬೇಕಾದಷ್ಟೇ ಬಳಸುವ ಈ ಬುದ್ಧಿ ಮಗ್ಗದಲ್ಲಿ ಮಾತ್ರ ಇರಲಿಲ್ಲ. ಗದ್ವಾಲ, ಮಕ್ತಲ್, ನಾರಾಯಣಪೇಟದ ಅಡುಗೆಮನೆ, ಹೊಲ, ಹೊದಿಕೆ ಎಲ್ಲದರಲ್ಲೂ ಇತ್ತು. ಬಹಳ ಮನೆಗಳಲ್ಲಿ ಇನ್ನೂ ಇದೆ.

ಈ ಮೂರು ಊರುಗಳು ಇಂದು ತೆಲಂಗಾಣದಲ್ಲಿವೆ. ಆದರೆ ಗದ್ವಾಲ ಮತ್ತು ಅದರ ನೆರೆಯ ಆಲಂಪುರ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಸೇರಿತು, ಇವೆರಡು ಆಂಧ್ರಪ್ರದೇಶದ ಪಾಲಾಗಿ ಮಹಬೂಬನಗರ ಜಿಲ್ಲೆಗೆ ಹೋದವು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಮಕ್ತಲ್ ಒಳಗೊಂಡ ನಾರಾಯಣಪೇಟ ಜಿಲ್ಲೆ 2019ರ ಫೆಬ್ರುವರಿಯಲ್ಲಿ ಬಂತು. ಯಾದಗಿರಿಯಿಂದ ರಾಯಚೂರಿಗೆ ರೈಲಿನಲ್ಲಿ ಹೋಗುವವರು ಕೃಷ್ಣಾ ನಿಲ್ದಾಣದ ಹತ್ತಿರ ತೆಲಂಗಾಣವನ್ನು ಹೊಕ್ಕು, ಹೊಳೆಯ ಸೇತುವೆ ದಾಟಿ ಮತ್ತೆ ಕರ್ನಾಟಕಕ್ಕೆ ಬರುತ್ತಾರೆ. ಗಡಿ ಹಾಗೆ ಹೊಲಗಳ ನಡುವೆ ಹಾದುಹೋಗಿದೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳುತ್ತವೆ, ಜೋಳದ ರೊಟ್ಟಿ ಎಲ್ಲರ ತಾಟಿನಲ್ಲೂ ಇರುತ್ತದೆ.

ಹೊಲದ ಮಾತು ಬಂದರೆ ಪುಂಡಿಯಿಂದ ಶುರು ಮಾಡಬೇಕು. ತೆಲುಗಿನವರು ಗೋಂಗೂರ ಎಂದು ಉಪ್ಪಿನಕಾಯಿ ಹಾಕುವ ಹುಳಿ ಸೊಪ್ಪು ಇದೇ ಕುಲದ್ದು. ಜೋಳ, ತೊಗರಿ ಹೊಲದ ಅಂಚಿನಲ್ಲಿ ಅಕ್ಕಡಿ ಸಾಲಾಗಿ ಪುಂಡಿ ಬಿತ್ತುವುದು ಹಳೆಯ ರೂಢಿ. ಅದಕ್ಕೆಂದು ಬೇರೆ ನೆಲ ಬೇಡ, ಬೇರೆ ನೀರು ಬೇಡ. ಎಳೆಯ ಎಲೆ ಪಲ್ಯಕ್ಕೆ ಬರುತ್ತದೆ. ಸೊಪ್ಪನ್ನು ಕುದಿಸಿ, ಹುಳಿ ಹೆಚ್ಚಾದರೆ ನೀರು ಬಸಿದು, ತೊಗರಿಬೇಳೆಯನ್ನೋ ಜೋಳದ ನುಚ್ಚನ್ನೋ ಹಾಕಿ ಬೇಯಿಸಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪುಂಡಿ ಪಲ್ಯ ಆಯಿತು. ಹುಳಿ ಇರುವುದರಿಂದ ಮರುದಿನಕ್ಕೂ ಕೆಡುವುದಿಲ್ಲ, ರುಚಿ ಇನ್ನೂ ಕೂಡಿ ಬರುತ್ತದೆ.

ಗಿಡ ಬಲಿತ ಮೇಲೆ ಅದರ ಎರಡನೆಯ ಕೆಲಸ ಶುರು. ಕಾಂಡಗಳನ್ನು ಕಟ್ಟು ಕಟ್ಟಿ ಕೆರೆಯಲ್ಲೋ ಹೊಂಡದಲ್ಲೋ ಕಲ್ಲು ಹೇರಿ ಮುಳುಗಿಸುತ್ತಾರೆ. ಒಂದೆರಡು ವಾರದಲ್ಲಿ ಸಿಪ್ಪೆ ಕೊಳೆತು ನಾರು ಸಡಿಲಾಗುತ್ತದೆ. ಅದನ್ನು ಸುಲಿದು, ತೊಳೆದು, ಒಣಗಿಸಿ ಹುರಿ ಹೊಸೆದರೆ ಎತ್ತು ಕಟ್ಟುವ ಹಗ್ಗ, ಹೊರಸಿನ ಹುರಿ, ನೆಲುವು ಎಲ್ಲ ಮನೆಯಲ್ಲೇ ತಯಾರು. ನಾರು ಸುಲಿದ ಮೇಲೆ ಉಳಿಯುವ ಬಿಳಿಯ ಕಡ್ಡಿ ಒಲೆ ಹೊತ್ತಿಸಲು ಆಗುತ್ತದೆ. ಬೀಜ ಮುಂದಿನ ಮುಂಗಾರಿಗೆ. ಪೇಟೆಯ ನೈಲಾನ್ ಹಗ್ಗ ಅಗ್ಗ, ಬಾಳಿಕೆಯೂ ಹೆಚ್ಚು, ಹಾಗಾಗಿ ಪುಂಡಿ ಹಗ್ಗ ಹಿಂದೆ ಸರಿದಿದೆ. ಆದರೂ ದನದ ಕೊರಳಿಗೆ ನಾರಿನ ಹಗ್ಗವೇ ಮೆತ್ತಗೆ ಎಂದು ಹಿರಿಯ ರೈತರು ಅದನ್ನೇ ಕೇಳುವುದುಂಟು. ತೊಗರಿಯದೂ ಇಂಥದೇ ಕಥೆ. ಕಾಳು ಮನೆಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ, ಬಾಗುವಂಥ ಎಳೆಯ ಕಡ್ಡಿ ಬುಟ್ಟಿ ಹೆಣೆಯಲು.

ಅದೇ ತೊಗರಿಯ ಬೇಳೆಯನ್ನು ವರ್ಷವಿಡೀ ಹುಳ ಹತ್ತದಂತೆ ಇಡುವುದಕ್ಕೆ ಔಡಲ ಎಣ್ಣೆ ಬಳಸುತ್ತಾರೆ. ಔಡಲವೂ ಇಲ್ಲಿಯದೇ ಬೆಳೆ. ಬೇಳೆಯನ್ನು ಚೆನ್ನಾಗಿ ಒಣಗಿಸಿ, ಕಿಲೋಗೆ ಒಂದು ಸಣ್ಣ ಚಮಚದಷ್ಟು ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು ಕಾಳು ಕಾಳಿಗೂ ತಾಗುವಂತೆ ಉಜ್ಜಿ, ಮತ್ತೊಮ್ಮೆ ಬಿಸಿಲು ಕಾಣಿಸಿ ಡಬ್ಬಿಗೆ ತುಂಬುತ್ತಾರೆ. ಕಾಳಿನ ಮೈಮೇಲೆ ಎಣ್ಣೆಯ ಪದರ ಇದ್ದರೆ ಹುಳದ ಮೊಟ್ಟೆ ಅಂಟಿಕೊಳ್ಳುವುದಿಲ್ಲ, ಅಂಟಿದರೂ ಉಸಿರುಕಟ್ಟಿ ಸಾಯುತ್ತದೆ. ಅಡುಗೆಗೆ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ. ನಗರದ ಫ್ಲ್ಯಾಟಿನಲ್ಲಿರುವವರೂ ಇದನ್ನು ಧಾರಾಳವಾಗಿ ಮಾಡಬಹುದು.

ಈ ಸೀಮೆಯ ಜನ ದುಡಿಯಲು ದೂರ ಹೋಗುವವರು. ಪಾಲಮೂರು ಕೂಲಿಯೆಂದು ದೇಶದಲ್ಲೆಲ್ಲ ಹೆಸರಾದವರು. ಪಾಲಮೂರು ಮಹಬೂಬನಗರದ ಹಳೆಯ ಹೆಸರು. ಮುಂಬೈ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟವರ ಗಂಟಿನಲ್ಲಿ ಕಟಕ ರೊಟ್ಟಿ ಇರುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿನೀರು ಹೊಯ್ದು ನಾದಿದಾಗ ಮಾತ್ರ ಹಿಡಿದುಕೊಂಡು ಬಡಿಯಲು ಬರುತ್ತದೆ. ತೆಳ್ಳಗೆ ಬಡಿದು ಬೇಯಿಸಿದ ರೊಟ್ಟಿಯನ್ನು ಒಲೆಯ ಸುತ್ತ ಒರಗಿಸಿ ನಿಲ್ಲಿಸಿದರೆ ಒಳಗಿನ ತೇವವೆಲ್ಲ ಆರಿ ಹಪ್ಪಳದಂತೆ ಆಗುತ್ತದೆ. ತೇವವಿಲ್ಲದ ಮೇಲೆ ಬೂಸು ಹಿಡಿಯುವುದಿಲ್ಲ. ವಾರಗಟ್ಟಲೆ ಇಡಬಹುದು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಹುರಿದ ಕಾಳು, ಒಣಖಾರ, ಬೆಳ್ಳುಳ್ಳಿ, ಉಪ್ಪು, ಜೀರಿಗೆ ಹಾಕಿ ಕುಟ್ಟಿದರೆ ಪಲ್ಯವಿಲ್ಲದೆ ಊಟ ಸಾಗುತ್ತದೆ. ಇದನ್ನು ಬಡವರ ಊಟ ಎಂದು ಕರೆಯುವವರು ಇಂದು ಕಟಕ ರೊಟ್ಟಿಯ ಪ್ಯಾಕೆಟ್ಟಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಎಷ್ಟು ಕೊಡುತ್ತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮಿಕ್ಕ ರೊಟ್ಟಿಗೂ ದಾರಿ ಇದೆ. ಮುರಿದು, ನೀರು ಚಿಮುಕಿಸಿ ಮೆತ್ತಗಾಗಲು ಬಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ತಿರುವಿದರೆ ಬೆಳಗಿನ ನಾಷ್ಟಾ. ಬಿಸಿ ರೊಟ್ಟಿಯನ್ನೇ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನ ಜೊತೆ ಒಳ್ಳಿನಲ್ಲಿ ಕುಟ್ಟಿ ಉಂಡೆ ಕಟ್ಟಿದರೆ ಮುಟಗಿ. ಸಜ್ಜೆಯ ರೊಟ್ಟಿ ಅಥವಾ ಚಪಾತಿಯನ್ನು ಬೆಲ್ಲದೊಂದಿಗೆ ಕಲಸಿ ಕಟ್ಟಿದ್ದು ಮಲೀದ. ಬತುಕಮ್ಮ ಹಬ್ಬದ ಕೊನೆಯ ದಿನದ ಎಡೆಗೂ ಬೇಕು, ಮೊಹರಂಗೂ ಬೇಕು. ಎರಡು ಧರ್ಮದ ಹಬ್ಬಕ್ಕೆ ಒಂದೇ ಸಿಹಿ ಸಲ್ಲುವುದು ಈ ಸೀಮೆಯಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಸಿಹಿಗಳಲ್ಲಿ ಶೇಂಗಾ ಉಂಡಿಗೆ ಸಮನಾದದ್ದಿಲ್ಲ. ನಾಗರಪಂಚಮಿಗೆ ಇದು ಬೇಕೇ ಬೇಕು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನಡಿಗಡ್ಡದಲ್ಲಿ ಶೇಂಗಾ ಮನೆಯ ಬೆಳೆ. ಪಾಕದ ಗೊಡವೆ ಇಲ್ಲದೆ ಉಂಡಿ ಕಟ್ಟುವ ಹಳೆಯ ವಿಧಾನ ಹೀಗಿದೆ: ಎರಡು ಬಟ್ಟಲು ಶೇಂಗಾ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ ಕೇರಿಕೊಳ್ಳಬೇಕು. ಒಂದು ಬಟ್ಟಲು ಪುಡಿ ಬೆಲ್ಲ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ಬೀಜವನ್ನು ಮೊದಲು ತರಿತರಿಯಾಗಿ ಕುಟ್ಟಿ, ಆಮೇಲೆ ಬೆಲ್ಲ ಹಾಕಿ ಮತ್ತೆ ಕುಟ್ಟಿದರೆ ಶೇಂಗಾದ ಎಣ್ಣೆ ಬಿಟ್ಟುಕೊಂಡು ಬೆಲ್ಲವನ್ನು ತಾನೇ ಹಿಡಿಯುತ್ತದೆ. ತುಪ್ಪ ಬೇಡ, ಹಾಲು ಬೇಡ. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ಓಡಿಸಬೇಕು. ಒಂದೇ ಸಮ ಓಡಿಸಿದರೆ ಮುದ್ದೆಯಾಗಿ ಹಲ್ಲಿಗೆ ಅಂಟುತ್ತದೆ. ನೀರಿನ ಪಸೆ ಇಲ್ಲದ್ದರಿಂದ ಹದಿನೈದು ದಿನ ನಿಶ್ಚಿಂತೆಯಾಗಿ ಇರುತ್ತದೆ.

ಬಟ್ಟೆಯ ಕಡೆ ಬರೋಣ. ನಾರಾಯಣಪೇಟದ ಮಗ್ಗದಲ್ಲಿ ಎಂಟು ಸೀರೆಗಾಗುವ ಹಾಸನ್ನು ಒಂದೇ ಸಲಕ್ಕೆ ಏರಿಸುವ ಪದ್ಧತಿಯಿದೆ. ಮಗ್ಗಕ್ಕೆ ಹಾಸು ಹೂಡುವುದು ದೊಡ್ಡ ಕೆಲಸ. ಪ್ರತಿ ಸಲ ಒಂದಿಷ್ಟು ನೂಲೂ ಹಾಳು. ಎಂಟಕ್ಕೊಮ್ಮೆ ಹೂಡಿದರೆ ದುಡಿಮೆಯೂ ಉಳಿಯಿತು, ನೂಲೂ ಉಳಿಯಿತು. ಹಾಸು ಮುಗಿದ ಮೇಲೂ ಹಣಿಗೆಯಲ್ಲಿ ಉಳಿದ ಹಳೆಯ ಎಳೆಗಳನ್ನು ನೇಕಾರ ಕಿತ್ತು ಎಸೆಯುವುದಿಲ್ಲ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹುರಿಗೊಳಿಸಿ ಎಳೆದುಕೊಳ್ಳುತ್ತಾನೆ. ಶಿವಾಜಿಯ ದಂಡಿನೊಂದಿಗೆ ಬಂದ ನೇಕಾರರು ಇಲ್ಲಿ ಉಳಿದರೆಂಬ ಐತಿಹ್ಯ ನಾರಾಯಣಪೇಟದಲ್ಲಿದೆ. ಚೌಕಳಿಯ ಒಡಲಿನ ಹತ್ತಿ ಸೀರೆಗೆ ಮರಾಠಿ ಸೀಮೆಯ ಗಿರಾಕಿಗಳು ಹೆಚ್ಚಾಗಿರುವುದು ಆ ಮಾತಿಗೆ ಹೊಂದುತ್ತದೆ. ನಾರಾಯಣಪೇಟ, ಗದ್ವಾಲ ಎರಡೂ ಸೀರೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ.

ಉಟ್ಟು ಹಳೆಯದಾದ ಸೀರೆಯ ದಡಿ ಒಡಲಿಗಿಂತ ಹೆಚ್ಚು ಬಾಳುತ್ತದೆ. ಅದನ್ನು ಬಿಚ್ಚಿ ಮಗಳ ಲಂಗದ ಅಂಚಿಗೆ, ಬಾಗಿಲ ತೋರಣಕ್ಕೆ, ಕೂಸಿನ ಕುಂಚಿಗೆಗೆ ಹಚ್ಚುವುದುಂಟು. ಜರಿ ಸೀರೆಯನ್ನು ಮಾರುವವರು ಒಂದು ಮಾತು ನೆನಪಿಡಬೇಕು. ಬೆಳ್ಳಿಯ ಎಳೆಯ ಅಸಲಿ ಜರಿಗೆ ಮಾತ್ರ ತೂಕಕ್ಕೆ ಬೆಲೆ ಇದೆ. ಯಾವುದು ಅಸಲಿ ಎಂದು ಅಕ್ಕಸಾಲಿಗರಲ್ಲಿ ಕೇಳಿಕೊಂಡೇ ಕೊಡಬೇಕು.

ಇನ್ನು ಕೌದಿ. ತೆಲುಗಿನಲ್ಲಿ ಇದು ಬೊಂತ. ಮೈಗೆ ಹಾಕಲಾಗದ ಸೀರೆ, ಧೋತರ, ಅಂಗಿಯ ತುಂಡುಗಳು ಪದರ ಪದರವಾಗಿ ಕೂಡಿ ಹಾಸಿಗೆಯೂ ಹೊದಿಕೆಯೂ ಆಗುವ ಕೆಲಸ. ಲೆಕ್ಕ ಸುಲಭ. ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ಎರಡು ಮಡಿಸಿದರೆ ಸುಮಾರು ಎರಡೂಮುಕ್ಕಾಲು ಮೀಟರ್ ಉದ್ದ, ಮೀಟರಿಗಿಂತ ತುಸು ಹೆಚ್ಚು ಅಗಲದ ಎರಡು ಪದರ ಸಿಗುತ್ತದೆ. ಒಬ್ಬರು ಮಲಗುವ ಅಳತೆ. ಮೂರು ಸೀರೆಗೆ ಆರು ಪದರ. ಚಳಿಗೆ ಧಾರಾಳ ಸಾಕು.

ಮೊದಲು ಬಿಸಿನೀರಿನಲ್ಲಿ ಒಗೆದು ಗಂಜಿ ಪೂರ್ತಿ ತೆಗೆಯಬೇಕು. ಗಂಜಿ ಉಳಿದರೆ ಹುಳ ಬರುತ್ತದೆ. ಗಟ್ಟಿ ಇರುವ ಸೀರೆ ಮೇಲೆ ಮತ್ತು ಕೆಳಗೆ, ಸವೆದದ್ದು ನಡುವೆ. ನೆಲಕ್ಕೆ ಹಾಸಿ, ಸುಕ್ಕು ಎಳೆದು, ನಾಲ್ಕು ಮೂಲೆಗೆ ಕಲ್ಲು ಇಟ್ಟು, ಮೊದಲು ದೊಡ್ಡ ದೊಡ್ಡ ಟಾಕು ಹಾಕಿಕೊಳ್ಳಬೇಕು. ಇದನ್ನು ಬಿಟ್ಟರೆ ಒಳಪದರ ಸರಿದು ಗಂಟು ಗಂಟಾಗುತ್ತದೆ. ಆಮೇಲೆ ಜೋಡಿ ದಾರ ಪೋಣಿಸಿದ ಉದ್ದ ಸೂಜಿಯಿಂದ ಅಂಚಿನಲ್ಲಿ ಶುರು ಮಾಡಿ, ಒಂದು ಬೆರಳು ಅಂತರದ ಸಾಲುಗಳಲ್ಲಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಹೆಂಗಸರು ನಾಲ್ಕು ಬದಿ ಕೂತರೆ ಮಾತಿನೊಂದಿಗೆ ಕೆಲಸ ಸಾಗುತ್ತದೆ. ಬಾಣಂತಿಯ ಕೂಸಿಗೆ ಹೊಲಿಯುವ ಪುಟ್ಟ ಕೌದಿಗೆ ಅಜ್ಜನ ಹಳೆಯ ಧೋತರವೇ ಆಗಬೇಕು, ಅಷ್ಟು ಮೆತ್ತನೆಯ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ. ಜಾರುತ್ತದೆ, ಬೆವರು ಹೀರುವುದಿಲ್ಲ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಇದೇ ಬಗೆಯ ಹೊದಿಕೆಗೆ ಕವಂದಿ ಎನ್ನುತ್ತಾರೆ. ಮೂಲೆಗಳಲ್ಲಿ ಬಣ್ಣದ ತ್ರಿಕೋನ ತುಂಡುಗಳನ್ನು ಒಂದರ ಮೇಲೊಂದು ಹಚ್ಚಿ ಫೂಲ, ಎಂದರೆ ಹೂ, ಇಡದೆ ಅವರ ಕವಂದಿ ಪೂರ್ಣವಾಗುವುದಿಲ್ಲ. ಅವರ ಕವಂದಿಗಳು ಈಗ ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ಗಡಿಸೀಮೆಯ ಕೌದಿಗೆ ಅಂಥ ಹೆಸರು ಇನ್ನೂ ಬಂದಿಲ್ಲ.

ದೂರದ ಫಿಲಿಪ್ಪೀನ್ಸ್‌ನಲ್ಲಿ ಚಿಂದಿಯ ಕೈಕೆಲಸಕ್ಕೆ ಬೆಲೆ ಬಂದ ಅನುಭವವಿದೆ. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಬೆಳ್ಳುಳ್ಳಿ ಹುರಿದು ಹಾಕಿ ಸಿನಂಗಾಗ್ ಮಾಡುವ ಜನ ಅವರು. ಅಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಚಿಂದಿಯನ್ನು ಹೆಣೆದು ಬಸಹಾನ್ ಎಂಬ ಕಾಲೊರಸು ಮಾಡುತ್ತಾರೆ. ರಾಜಧಾನಿ ಪ್ರದೇಶ ಮೆಟ್ರೊ ಮನಿಲಾಕ್ಕೆ ಸೇರಿದ ಕೆಝೋನ್ ನಗರದಲ್ಲಿ, 2017ರವರೆಗೆ ಕಸದ ದೊಡ್ಡ ರಾಶಿ ಸುರಿಯುತ್ತಿದ್ದ ಪಯಾತಾಸ್ ಎಂಬ ಬಡಾವಣೆ ಇದೆ. ಅಲ್ಲಿಯ ತಾಯಂದಿರಿಗೆ ಚಿಂದಿ ಕೊಡುವವರೂ ಕಾಲೊರಸು ಕೊಳ್ಳುವವರೂ ದಲ್ಲಾಳಿಗಳೇ ಆಗಿದ್ದರು, ದಿನದ ದುಡಿಮೆಗೆ ಬಿಡಿಗಾಸು ಸಿಗುತ್ತಿತ್ತು. 2007ರಲ್ಲಿ ಶುರುವಾದ ರ‍್ಯಾಗ್ಸ್ ಟು ರಿಚಸ್ ಎಂಬ ಸಂಸ್ಥೆ ಚಿಂದಿಯನ್ನು ನೇರವಾಗಿ ತಂದುಕೊಟ್ಟು, ಹೆಸರಾಂತ ವಿನ್ಯಾಸಕಾರರನ್ನು ಕರೆತಂದು, ಅದೇ ಹೆಣಿಗೆಯಿಂದ ಕೈಚೀಲಗಳನ್ನು ಮಾಡಿಸಿತು. ಕೈಕೆಲಸ ಮೊದಲಿನದೇ ಆಗಿತ್ತು, ಬದಲಾದದ್ದು ಕೂಲಿ.

ನಮ್ಮಲ್ಲೂ ಕೆಲಸ ಬಲ್ಲ ಕೈಗಳಿವೆ. ಅಲೆಮಾರಿ ಸಮುದಾಯಗಳ ಹೆಂಗಸರು ಇವತ್ತಿಗೂ ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಾರೆ. ಆದರೆ ಸೀರೆಗಳು ಅವರ ಕೈಗೆ ಹೋಗುವ ಮುಂಚೆಯೇ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಗಂಟು ಸೇರುತ್ತವೆ. ಒಂದು ರಾಶಿ ಸೀರೆಗೆ ಒಂದು ಡಬರಿ. ಮುಂದಿನ ಸಲ ಪಾತ್ರೆಯವರ ಕೂಗು ಕೇಳಿದಾಗ ಹತ್ತಿಯ ಸೀರೆ ಮೂರನ್ನು ಬೇರೆ ತೆಗೆದಿಡಿ. ಹೊಲಿಯಲು ಬರುವವರು ಹೊಲಿದುಕೊಳ್ಳಿ. ಬಾರದವರು ಕೌದಿಯವರನ್ನು ಕರೆದು ಹೊಲಿಸಿ, ಹಳೇ ಬಟ್ಟೆ ತಾನೆ ಎಂದು ಚೌಕಾಶಿ ಮಾಡದೆ, ಎಷ್ಟು ದಿನ ಕೂತರೋ ಅಷ್ಟು ದಿನದ ಕೂಲಿ ಲೆಕ್ಕ ಹಾಕಿ ಕೊಡಿ.